ಗಣಕಯಂತ್ರದ ರೋಗನಿದಾನ

ಎತ್ತಿನ ಗಾಡಿಯ ಅಚ್ಚು ಮುರಿದರೆ ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕೈಗಡಿಯಾರವು ನಿಂತುಹೋದರೆ ಅದನ್ನು ಬಿಚ್ಚಿ, ಭೂತಗನ್ನಡಿಯ ಅಡಿಯಲ್ಲಿಟ್ಟು, ಸವೆದಿರುವ ಚಕ್ರ ಯಾವುದೆಂದು ಬಲ್ಲವನು ತೋರಿಸಬಹುದು. ಗಣಕಯಂತ್ರದ ವಿಷಯದಲ್ಲಿ ಈ ಸೌಲಭ್ಯವಿಲ್ಲ. ಅದರ ಪೆಟ್ಟಿಗೆಯನ್ನು ತೆರೆದಾಗ ಕಾಣುವುದು ಒಂದು ಹಸಿರು ಹಲಗೆ, ಅದರ ಮೇಲೆ ಕೂರಿಸಿದ ಕಪ್ಪು ಬಿಲ್ಲೆಗಳು, ಒಂದೆರಡು ಫ್ಯಾನುಗಳು, ಕೆಲವು ತಂತಿಗಳು ಮತ್ತು ಸಾಕಷ್ಟು ಧೂಳು. ಸುಸ್ಥಿತಿಯಲ್ಲಿರುವ ಬಿಲ್ಲೆಗೂ ಕೆಟ್ಟುಹೋದ ಬಿಲ್ಲೆಗೂ ಹೊರನೋಟದಲ್ಲಿ ಬಹುಮಟ್ಟಿಗೆ ಯಾವ ಭೇದವೂ ತೋರುವುದಿಲ್ಲ. ಆದುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬೀದಿಗಳ ಚಿಕ್ಕ ಅಂಗಡಿಗಳಲ್ಲಿ ಕುಳಿತು ಗಣಕಗಳನ್ನು ದುರಸ್ತಿ ಮಾಡುವವರ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದಂತೆಯೇ, ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಕೂಡ ಇರುತ್ತದೆ. ಯಂತ್ರದ ಒಳಗಿನ ಸ್ಥಿತಿಯನ್ನು ಅರಿಯಲು ನೆರವಾಗುವ ಹಲವಾರು ತಂತ್ರಾಂಶಗಳು ಅದರಲ್ಲಿ ಅಡಗಿರುತ್ತವೆ.

ಗಣಕದ ಭಾಗಗಳನ್ನು ಯಂತ್ರಾಂಶವೆಂದೂ, ಅವುಗಳನ್ನು ನಡೆಸುವ ಆದೇಶಗಳ ಸಮೂಹವನ್ನು ತಂತ್ರಾಂಶವೆಂದೂ ಕರೆಯುತ್ತಾರೆ. ಯಂತ್ರಾಂಶವನ್ನು ಪರೀಕ್ಷಿಸಲು ತಂತ್ರಾಂಶವನ್ನು ಬಳಸುವ ಪದ್ಧತಿ ಹೊಸತಲ್ಲ. 1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ವೈಯಕ್ತಿಕ ಗಣಕವು ಗುಂಡಿಯನ್ನು ಒತ್ತಿದೊಡನೆ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲವೂ ಸರಿಯಾಗಿದ್ದರೆ ‘ಬೀಪ್’ ಎಂದು ಒಮ್ಮೆ ಸದ್ದು ಮಾಡುತ್ತಿತ್ತು. ತೊಂದರೆಯಿದ್ದಾಗ ಸದ್ದುಗಳ ಸಂಖ್ಯೆಯೂ ಉದ್ದವೂ ಬದಲಾಗುತ್ತಿದ್ದವು. ಪರದೆಯೇ ಕೆಟ್ಟುಹೋದ ಯಂತ್ರವು ಬೇರೆ ಯಾವ ಬಗೆಯಿಂದ ತಾನೇ ತನ್ನ ನೋವನ್ನು ಹೇಳಿಕೊಳ್ಳಬೇಕು? ಈ ಸ್ವಯಂಪರೀಕ್ಷೆಯು ಇಂದಿನ ಯಂತ್ರಗಳಲ್ಲಿಯೂ ಇದೆ. ಕೆಲವು ಲ್ಯಾಪ್‌ಟಾಪ್‌ಗಳು ಸದ್ದಿಗೆ ಬದಲಾಗಿ ದೀಪವನ್ನು ಮಿನುಗಿಸುತ್ತವೆ. ಆದರೆ ಇದು ಕೆಲವೇ ಕ್ಷಣಗಳಲ್ಲಿ ಮುಗಿಯುವ ಮೇಲುನೋಟದ ಪರೀಕ್ಷೆ. ಅದರಲ್ಲಿ ಉತ್ತೀರ್ಣವಾದ ಯಂತ್ರವೂ ಅರ್ಧ ಗಂಟೆಯ ಬಳಿಕ ನೀಲಿ ಪರದೆಯನ್ನು ತೋರಿಸಿ ನಿಂತುಬಿಡಬಹುದು.

ಹೀಗೆ ಒಮ್ಮೊಮ್ಮೆ ಮಾತ್ರ ತೋರಿಕೊಳ್ಳುವ ಕೆಡುಕೇ ದುರಸ್ತಿಗಾರನಿಗೆ ಅತ್ಯಂತ ಕಷ್ಟಕರವಾದುದು. ಇದಕ್ಕೆ ಅನೇಕ ವೇಳೆ ಕಾರಣವಾಗುವುದು ಮೆಮೊರಿ ಎಂದು ಕರೆಯಲಾಗುವ ಸ್ಮೃತಿಕೋಶ. 8 ಗಿಗಾಬೈಟ್ ಸಾಮರ್ಥ್ಯದ ಸ್ಮೃತಿಕೋಶದಲ್ಲಿ ಸುಮಾರು 6,870 ಕೋಟಿ ಕಿರುಮನೆಗಳಿರುತ್ತವೆ. ಒಂದೊಂದು ಮನೆಯೂ ಸೊನ್ನೆಯನ್ನೋ ಒಂದನ್ನೋ ಹಿಡಿದಿಟ್ಟುಕೊಳ್ಳಬೇಕು. ಇವುಗಳಲ್ಲಿ ಒಂದೇ ಒಂದು ಮನೆಯು ಸೊನ್ನೆಯನ್ನು ಒಂದೆಂದು ಹೇಳಿದರೆ ಏನಾದೀತು? ಲೆಕ್ಕದ ಪುಸ್ತಕದಲ್ಲಿ 500 ಎಂದಿರಬೇಕಾದ ಮೊತ್ತವು, ತಪ್ಪಿದ ಮನೆಯ ಸ್ಥಾನಕ್ಕೆ ಅನುಗುಣವಾಗಿ, 66,036 ಎಂದು ಓದಿಸಿಕೊಳ್ಳಬಹುದು. ಆ ಮನೆಯಲ್ಲಿ ಮೊತ್ತದ ಬದಲು ಒಂದು ಆದೇಶವಿದ್ದರೆ ಯಂತ್ರವೇ ನಿಂತುಹೋಗಬಹುದು. ಅದೇನೂ ಇಲ್ಲದೆ ಖಾಲಿಯಿದ್ದರೆ ಆ ದಿನ ಯಾವ ತೊಂದರೆಯೂ ಕಾಣದು. ಗಿರಾಕಿಯ ಮನೆಯಲ್ಲಿ ದಿನವೂ ಕೆಡುವ ಯಂತ್ರವು ಅಂಗಡಿಯ ಮೇಜಿನ ಮೇಲೆ ಸಾಧುವಾಗಿ ವರ್ತಿಸುವುದಕ್ಕೆ ಇದೂ ಒಂದು ಕಾರಣ.

ಇದನ್ನು ಪತ್ತೆಹಚ್ಚಲು 1994ರಲ್ಲಿ ಕ್ರಿಸ್ ಬ್ರೇಡಿ ಎಂಬುವರು ‘ಮೆಮ್‌ಟೆಸ್ಟ್86’ ಎಂಬ ತಂತ್ರಾಂಶವನ್ನು ರಚಿಸಿದರು. ವಿಂಡೋಸ್ ಮೊದಲಾದ ಕಾರ್ಯಾಚರಣ ವ್ಯವಸ್ಥೆಗಳು ತಾವೇ ಸ್ಮೃತಿಕೋಶದ ಒಂದು ಭಾಗವನ್ನು ಆಕ್ರಮಿಸಿಕೊಂಡಿರುತ್ತವೆ. ಅವುಗಳ ಒಳಗಿನಿಂದಲೇ ಸ್ಮೃತಿಯನ್ನು ಪೂರ್ಣವಾಗಿ ಪರೀಕ್ಷಿಸುವುದೆಂದರೆ, ಮನೆಯಲ್ಲಿ ಜನರೆಲ್ಲ ಮಲಗಿರುವಾಗ ನೆಲಗಟ್ಟನ್ನು ಕಿತ್ತು ನೋಡಿದಂತೆ. ಆದುದರಿಂದ ಈ ತಂತ್ರಾಂಶವು ಯಾವ ವ್ಯವಸ್ಥೆಯ ಆಸರೆಯೂ ಇಲ್ಲದೆ ತಾನೇ ಯಂತ್ರವನ್ನು ಚಾಲನೆಗೊಳಿಸಿಕೊಳ್ಳುತ್ತದೆ. ಸ್ಮೃತಿಯ ತಳದಿಂದ ತುದಿಯವರೆಗೆ ಒಂದು ನಮೂನೆಯನ್ನು ಬರೆಯುತ್ತದೆ. ಬಳಿಕ ಒಂದೊಂದನ್ನೇ ಓದಿ, ಬರೆದುದೇ ಬಂದಿತೇ ಎಂದು ನೋಡಿ, ಅದರ ವಿರುದ್ಧ ನಮೂನೆಯನ್ನು ಅಲ್ಲಿ ಬರೆಯುತ್ತ ಹೋಗುತ್ತದೆ. ಆಮೇಲೆ ತುದಿಯಿಂದ ತಳಕ್ಕೆ ಅದೇ ಕೆಲಸವನ್ನು ಮಾಡುತ್ತ ಇಳಿಯುತ್ತದೆ. ಪಕ್ಕದ ಮನೆಯಲ್ಲಿ ಬರೆದಾಗ ಮಾತ್ರ ತಪ್ಪುವ ಮನೆಗಳೂ, ಬಿಸಿಯೇರಿದಾಗ ಮಾತ್ರ ತಪ್ಪುವ ಮನೆಗಳೂ ಉಂಟು. ಆ ಕಾರಣದಿಂದ ಅನುಭವಸ್ಥರು ಈ ಪರೀಕ್ಷೆಯನ್ನು ಸಂಜೆ ಆರಂಭಿಸಿ ರಾತ್ರಿಯೆಲ್ಲ ನಡೆಯಲು ಬಿಡುತ್ತಾರೆ. ಬೆಳಿಗ್ಗೆ ಪರದೆಯ ಮೇಲೆ ಒಂದೇ ಒಂದು ತಪ್ಪು ದಾಖಲಾಗಿದ್ದರೂ ಅದನ್ನು ಕಡೆಗಣಿಸುವಂತಿಲ್ಲ.

ಸ್ಮೃತಿಕೋಶವು ಕೆಟ್ಟರೆ ಹೊಸದನ್ನು ಕೊಂಡು ಹಾಕಬಹುದು. ಹಾರ್ಡ್ ಡಿಸ್ಕ್ ಕೆಟ್ಟರೆ ಹಾಗಲ್ಲ. ಹೊಸ ಡಿಸ್ಕ್ ಪೇಟೆಯಲ್ಲಿ ಸಿಕ್ಕೀತು. ಹಳೆಯದರಲ್ಲಿದ್ದ ಸಂಗತಿಗಳು ಯಾವ ಪೇಟೆಯಲ್ಲಿಯೂ ಸಿಗುವುದಿಲ್ಲ. ಮದುವೆಗಳ ಛಾಯಾಚಿತ್ರ ತೆಗೆಯುವವನೊಬ್ಬನು ಮೂರು ತಿಂಗಳ ಚಿತ್ರಗಳನ್ನೆಲ್ಲ ಒಂದೇ ಗಣಕದಲ್ಲಿ ಇಟ್ಟುಕೊಂಡಿದ್ದು, ಆ ಗಣಕವು ದಿನೇದಿನೇ ನಿಧಾನವಾಗುತ್ತ, ಒಳಗಿನಿಂದ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಬರುತ್ತಿದೆ ಎಂದು ಭಾವಿಸಬಹುದು. ಅಂಗಡಿಗೆ ಬಂದಿರುವುದು ಹೆಸರಿಗೆ ಒಂದು ಯಂತ್ರ. ನಿಜವಾಗಿ ಬಂದಿರುವುದು ಹತ್ತಾರು ಮನೆಗಳ ಮದುವೆ.

ತಟ್ಟೆಗಳು ತಿರುಗುವ ಬಗೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಹಲವು ನಿಮಿಷಕ್ಕೆ 7,200 ಬಾರಿ, ಎಂದರೆ ಸೆಕೆಂಡಿಗೆ 120 ಬಾರಿ ಸುತ್ತುತ್ತವೆ. ಓದುವ ಶಿರವು ತಟ್ಟೆಯನ್ನು ಮುಟ್ಟದೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಇಂತಹ ನಾಜೂಕಿನ ಯಂತ್ರವು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ವ್ಯವಸ್ಥೆಯನ್ನು ತಯಾರಕರು 1990ರ ದಶಕದಲ್ಲಿ ಅಳವಡಿಸಿದರು. ಡಿಸ್ಕು ಎಷ್ಟು ಗಂಟೆ ಓಡಿದೆ, ಎಷ್ಟು ಬಿಸಿಯಾಗಿದೆ, ಎಷ್ಟು ಜಾಗಗಳು ಕೆಟ್ಟು ಅವುಗಳಿಗೆ ಬದಲಿ ಜಾಗಗಳನ್ನು ಬಳಸಲಾಗಿದೆ, ಎಷ್ಟು ಜಾಗಗಳನ್ನು ಓದಲಾಗದೆ ಬಾಕಿ ಉಳಿಸಲಾಗಿದೆ ಎಂಬುದೆಲ್ಲ ಅದರಲ್ಲಿ ನಮೂದಾಗುತ್ತದೆ. ‘ಸ್ಮಾರ್ಟ್‌ಮಾನ್‌ಟೂಲ್ಸ್’, ಜಪಾನಿನಲ್ಲಿ ರಚಿತವಾದ ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಮುಂತಾದ ಉಚಿತ ತಂತ್ರಾಂಶಗಳು ಈ ಆರೋಗ್ಯಪತ್ರವನ್ನು ಓದಿ ತೋರಿಸುತ್ತವೆ.

ಈ ಪತ್ರವನ್ನು ಎಷ್ಟರಮಟ್ಟಿಗೆ ನಂಬಬಹುದು? ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ತಟ್ಟೆಯನ್ನು ಶೋಧಿಸುವಾಗ ಮೊದಲ ದೋಷವು ಕಂಡುಬಂದ ಡಿಸ್ಕು, ಅಂತಹ ದೋಷವಿಲ್ಲದ ಡಿಸ್ಕಿಗೆ ಹೋಲಿಸಿದರೆ, ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ 39 ಪಟ್ಟು ಹೆಚ್ಚೆಂದು ಅವರು ಕಂಡುಕೊಂಡರು. ಅದೇ ವರದಿಯಲ್ಲಿ ಮತ್ತೊಂದು ಸಂಗತಿಯೂ ಇದೆ: ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಆದುದರಿಂದ ಆರೋಗ್ಯಪತ್ರವು ‘ಕೆಟ್ಟಿದೆ’ ಎಂದರೆ ನಂಬಬೇಕು. ‘ಚೆನ್ನಾಗಿದೆ’ ಎಂದರೆ ಅದನ್ನು ಪೂರ್ಣವಾಗಿ ನೆಚ್ಚಿಕೊಳ್ಳಬಾರದು. ಈ ಎರಡನೆಯ ಮಾತನ್ನು ಗಿರಾಕಿಗೆ ಹೇಳುವ ದುರಸ್ತಿಗಾರರು ವಿರಳ.

ಛಾಯಾಚಿತ್ರಗಾರನ ಡಿಸ್ಕು ಸಾಯುತ್ತಿದೆ ಎಂಬುದು ಹೀಗೆ ಖಚಿತವಾಯಿತೆನ್ನೋಣ. ಈಗ ಅನನುಭವಿಯ ಕೈ ಸಹಜವಾಗಿ ‘ಚೆಕ್‌ಡಿಸ್ಕ್’ ಎಂಬ ವಿಂಡೋಸಿನ ಸಲಕರಣೆಯ ಕಡೆಗೆ ಹೋಗುತ್ತದೆ. ಅದು ದೋಷಗಳನ್ನು ಸರಿಪಡಿಸುತ್ತದೆ ಎಂಬ ಹೆಸರನ್ನು ಪಡೆದಿದೆ. ಆದರೆ ಅದರ ಗುರಿಯೇ ಬೇರೆ. ಡಿಸ್ಕಿನ ಮೇಲಿನ ಕಡತಗಳ ಪಟ್ಟಿಯು ಒಂದಕ್ಕೊಂದು ಹೊಂದಿಕೊಳ್ಳುವಂತೆ ಮಾಡುವುದು ಅದರ ಕೆಲಸ. ಹೊಂದದಿರುವುದನ್ನು ಕತ್ತರಿಸಿಹಾಕಲು ಅದು ಹಿಂಜರಿಯುವುದಿಲ್ಲ. ಅಲ್ಲದೆ ಕೆಟ್ಟ ಜಾಗಗಳನ್ನು ಮತ್ತೆ ಮತ್ತೆ ಓದಿಸುವುದರಿಂದ ಸಾಯುತ್ತಿರುವ ಡಿಸ್ಕು ಇನ್ನಷ್ಟು ಬೇಗ ಸಾಯುತ್ತದೆ. ಮೂಲ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯದೆ, ಮೊದಲು ಅದರ ಪ್ರತಿಯನ್ನು ತೆಗೆದುಕೊಂಡು, ಚಿಕಿತ್ಸೆಯನ್ನು ಆ ಪ್ರತಿಯ ಮೇಲೆ ಮಾಡುವುದೇ ಸರಿಯಾದ ಕ್ರಮ.

ಪ್ರತಿ ತೆಗೆಯುವುದಕ್ಕೆ ‘ಡಿಡಿರೆಸ್ಕ್ಯೂ’ ಎಂಬ ಸಲಕರಣೆ ಪ್ರಸಿದ್ಧವಾಗಿದೆ. ಇದನ್ನು ಗ್ನೂ ಯೋಜನೆಗಾಗಿ ಆಂಟೋನಿಯೊ ಡಿಯಾಜ಼್ ಡಿಯಾಜ಼್ ಎಂಬುವರು ರಚಿಸಿದರು. ಬೆಂಕಿ ಬಿದ್ದ ಮನೆಯಿಂದ ಸಾಮಾನುಗಳನ್ನು ಹೊರಸಾಗಿಸುವ ವಿವೇಕಿಯಂತೆ ಇದರ ನಡೆ. ಸಾಧಾರಣ ತಂತ್ರಾಂಶವು ಓದಲಾಗದ ಜಾಗವೊಂದು ಎದುರಾದೊಡನೆ ಅಲ್ಲಿಯೇ ತಲೆಯನ್ನು ಚಚ್ಚಿಕೊಳ್ಳುತ್ತದೆ ಅಥವಾ ಕೆಲಸವನ್ನೇ ಕೈಬಿಡುತ್ತದೆ. ಇದು ಹಾಗೆ ಮಾಡದೆ ಆ ಜಾಗವನ್ನು ಗುರುತುಹಾಕಿಕೊಂಡು ಮುಂದಕ್ಕೆ ಜಿಗಿಯುತ್ತದೆ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಹೊರತರುತ್ತದೆ. ಆಮೇಲೆ ಹಿಂದಿರುಗಿ ಬಿಟ್ಟುಹೋದ ಪ್ರದೇಶಗಳನ್ನು ಅಂಚುಗಳಿಂದ ಸವರುತ್ತ ಒಳಕ್ಕೆ ಸರಿಯುತ್ತದೆ. ಕಟ್ಟಕಡೆಗೆ ಉಳಿದ ಚೂರುಗಳನ್ನು ಒಂದೊಂದಾಗಿ ಕೆರೆದು ನೋಡುತ್ತದೆ. ಎಲ್ಲಿ ಏನಾಯಿತೆಂಬುದನ್ನು ಒಂದು ನಕಾಶೆಯ ಕಡತದಲ್ಲಿ ಬರೆದಿಡುವುದರಿಂದ, ನಡುವೆ ವಿದ್ಯುತ್ತು ಹೋದರೂ, ಡಿಸ್ಕನ್ನು ತಣಿಸಲೆಂದು ನಿಲ್ಲಿಸಿದರೂ, ನಿಂತಲ್ಲಿಂದಲೇ ಮುಂದುವರಿಯಬಹುದು. ಡಿಸ್ಕು ಅರ್ಧದಲ್ಲಿ ಪ್ರಾಣಬಿಟ್ಟರೆ, ಸುಲಭವಾಗಿ ಸಿಗುವಂತಹುದು ಆ ಹೊತ್ತಿಗೆ ಬಹುಮಟ್ಟಿಗೆ ಹೊರಬಂದಿರುತ್ತದೆ.

ಡಿಸ್ಕು ಆರೋಗ್ಯವಾಗಿದ್ದು, ಕಡತಗಳನ್ನು ಯಾರೋ ಅಳಿಸಿಬಿಟ್ಟಿರುವ ಪ್ರಸಂಗಗಳೂ ಅಷ್ಟೇ ಸಾಮಾನ್ಯ. ಅಳಿಸುವುದು ಎಂಬ ಮಾತು ಇಲ್ಲಿ ಪೂರ್ತಿ ನಿಜವಲ್ಲ. ಗ್ರಂಥಾಲಯದಲ್ಲಿ ಪುಸ್ತಕವನ್ನು ಕಪಾಟಿನಲ್ಲಿಯೇ ಬಿಟ್ಟು ಸೂಚಿಯ ಚೀಟಿಯನ್ನು ಮಾತ್ರ ಹೊಡೆದುಹಾಕಿದಂತೆ ಅದು. ಹಳೆಯ ಡಾಸ್ ವ್ಯವಸ್ಥೆಯಲ್ಲಿ ಕಡತವನ್ನು ಅಳಿಸಿದಾಗ ಅದರ ಹೆಸರಿನ ಮೊದಲ ಅಕ್ಷರದ ಜಾಗದಲ್ಲಿ ಒಂದು ವಿಶೇಷ ಚಿಹ್ನೆಯನ್ನು ಇಟ್ಟು, ಅದು ಇದ್ದ ಜಾಗವನ್ನು ‘ಖಾಲಿ’ ಎಂದು ಘೋಷಿಸಲಾಗುತ್ತಿತ್ತು. ಕಡತದ ಒಡಲು ಇದ್ದಲ್ಲಿಯೇ ಇರುತ್ತಿತ್ತು. ಅಮೆರಿಕದ ಪೀಟರ್ ನಾರ್ಟನ್ 1982ರಲ್ಲಿ ಮಾರಾಟಕ್ಕೆ ತಂದ ಸಲಕರಣೆಗಳ ಸಂಪುಟವು ಪ್ರಸಿದ್ಧವಾದುದು, ಅಳಿಸಿದ್ದನ್ನು ಮರಳಿ ತರುವ ತನ್ನ ಶಕ್ತಿಯಿಂದಲೇ. ಆ ಕಾಲದ ಇಂತಹ ತಂತ್ರಾಂಶಗಳು ಕಡತವನ್ನು ಉಳಿಸುವ ಮುನ್ನ ‘ಹೆಸರಿನ ಮೊದಲ ಅಕ್ಷರ ಯಾವುದು?’ ಎಂದು ಬಳಸುವವನನ್ನೇ ಕೇಳುತ್ತಿದ್ದವು. ಏಕೆಂದರೆ ನಿಜವಾಗಿ ಕಳೆದುಹೋಗಿದ್ದ ಅಕ್ಷರ ಅದೊಂದೇ.

ಸೂಚಿಯೇ ಪೂರ್ತಿ ಹಾಳಾಗಿದ್ದರೆ ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ರಚಿಸಿದ ‘ಫೋಟೋರೆಕ್’ ನೆರವಿಗೆ ಬರುತ್ತದೆ. ಅದು ಸೂಚಿಯ ಗೊಡವೆಗೆ ಹೋಗದೆ ಕಪಾಟುಗಳನ್ನೇ ಒಂದು ತುದಿಯಿಂದ ತಡವುತ್ತದೆ. ಪ್ರತಿಯೊಂದು ಬಗೆಯ ಕಡತಕ್ಕೂ ಆರಂಭದಲ್ಲಿ ಒಂದು ಗುರುತು ಇರುತ್ತದೆ. ಜೆಪೆಗ್ ಎಂಬ ಬಗೆಯ ಛಾಯಾಚಿತ್ರವು 255, 216, 255 ಎಂಬ ಮೂರು ಸಂಖ್ಯೆಗಳಿಂದ ಆರಂಭವಾಗುತ್ತದೆ. ಈ ಸಂಖ್ಯೆಗಳು ಕಂಡಲ್ಲೆಲ್ಲ ಚಿತ್ರವೊಂದು ಅಡಗಿದೆಯೆಂದು ಊಹಿಸಿ ಅದನ್ನು ಎತ್ತಿಕೊಳ್ಳುತ್ತದೆ. ಹೀಗೆ ಮರಳಿದ ಚಿತ್ರಗಳಿಗೆ ಹಳೆಯ ಹೆಸರು ಇರುವುದಿಲ್ಲ. ಯಾರ ಮದುವೆಯದು ಯಾವುದೆಂದು ಒಂದೊಂದನ್ನೇ ತೆರೆದು ನೋಡಿ ವಿಂಗಡಿಸಬೇಕಾಗುತ್ತದೆ. ಆದರೂ ಕಳೆದುಕೊಂಡವರು ಆ ಶ್ರಮಕ್ಕಾಗಿ ಬೇಸರಪಡುವುದು ಕಡಿಮೆ. ಕಳೆದ ಕಡತವನ್ನು ಹುಡುಕುವ ತಂತ್ರಾಂಶವನ್ನು ಅದೇ ಡಿಸ್ಕಿನ ಮೇಲೆ ಸ್ಥಾಪಿಸಲು ಹೋಗುವವರೂ ಇದ್ದಾರೆ. ‘ಖಾಲಿ’ ಎಂದು ಘೋಷಿತವಾದ ಜಾಗದಲ್ಲಿ ಆ ತಂತ್ರಾಂಶವೇ ಬಂದು ಕುಳಿತು, ಹುಡುಕಬೇಕಾದುದನ್ನು ತಾನೇ ತುಳಿದುಹಾಕುತ್ತದೆ.

ಇಂದಿನ ಹೊಸ ಗಣಕಗಳಲ್ಲಿ ತಿರುಗುವ ತಟ್ಟೆಗಳ ಬದಲಿಗೆ ಎಸ್‌ಎಸ್‌ಡಿ ಎಂಬ ಬಿಲ್ಲೆಗಳ ಸಂಗ್ರಹ ಬಂದಿದೆ. ಅದರಲ್ಲಿ ಅಳಿಸಿದ ಜಾಗಗಳನ್ನು ಕಾರ್ಯಾಚರಣ ವ್ಯವಸ್ಥೆಯು ‘ಟ್ರಿಮ್’ ಎಂಬ ಆದೇಶದ ಮೂಲಕ ಡ್ರೈವಿಗೆ ತಿಳಿಸುತ್ತದೆ; ಡ್ರೈವು ಅವುಗಳನ್ನು ಬೇಗನೆ ನಿಜವಾಗಿಯೂ ಬರಿದುಮಾಡುತ್ತದೆ. ಇಲ್ಲಿ ಅಳಿಸಿದ್ದು ಬಹುತೇಕ ಅಳಿದಂತೆಯೇ. ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗವನ್ನು ಹಾಕಿದ ಡ್ರೈವಿನಲ್ಲಿಯೂ 48 ಅಂಕಿಗಳ ಕೀಲಿ ಮಾಲೀಕನ ಬಳಿ ಇಲ್ಲದಿದ್ದರೆ ಎಂತಹ ನಿಪುಣನೂ ಕೈಚೆಲ್ಲಬೇಕಾಗಬಹುದು.

ಕೆಲವೊಮ್ಮೆ ಯಂತ್ರಾಂಶವೆಲ್ಲ ಸರಿಯಿದ್ದು, ಕಾರ್ಯಾಚರಣ ವ್ಯವಸ್ಥೆಯೇ ಏಳಲಾಗದೆ ಬಿದ್ದಿರುತ್ತದೆ. ಆಗ ಹೊರಗಿನಿಂದ ಇನ್ನೊಂದು ವ್ಯವಸ್ಥೆಯನ್ನು ತಂದು ಯಂತ್ರವನ್ನು ಎಬ್ಬಿಸಬೇಕು. ಜರ್ಮನಿಯ ಕ್ಲೌಸ್ ನಾಪರ್ 2000ದಲ್ಲಿ ಬಿಡುಗಡೆ ಮಾಡಿದ ‘ನಾಪಿಕ್ಸ್’ ಒಂದೇ ಒಂದು ಸಿ.ಡಿ.ಯಿಂದ ಪೂರ್ಣ ಪ್ರಮಾಣದ ಲಿನಕ್ಸ್ ವ್ಯವಸ್ಥೆಯನ್ನು ನಡೆಸಿ, ಒಳಗಿನ ಡಿಸ್ಕನ್ನು ಮುಟ್ಟದೆಯೇ ಅದರಲ್ಲಿರುವುದನ್ನು ನೋಡುವ ಸೌಕರ್ಯವನ್ನು ಒದಗಿಸಿತು. ಇಂದು ಸಿ.ಡಿ.ಯ ಸ್ಥಾನದಲ್ಲಿ ಪೆನ್‌ಡ್ರೈವ್ ಬಂದಿದೆ, ಅಷ್ಟೆ.

ವ್ಯವಸ್ಥೆಯು ಎದ್ದಿದ್ದೂ ಅಸ್ವಸ್ಥವಾಗಿದ್ದರೆ ‘ಸಿಸ್‌ಇಂಟರ್ನಲ್ಸ್’ ಸಲಕರಣೆಗಳು ಉಪಯುಕ್ತವಾಗುತ್ತವೆ. 1996ರಲ್ಲಿ ಮಾರ್ಕ್ ರಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಇವುಗಳನ್ನು ಉಚಿತವಾಗಿ ಹಂಚಲಾರಂಭಿಸಿದರು. 2006ರಲ್ಲಿ ಇವು ಮೈಕ್ರೋಸಾಫ್ಟ್ ಸಂಸ್ಥೆಯ ವಶಕ್ಕೆ ಬಂದವು. ಯಂತ್ರವು ಏಳುವಾಗ ತಾವೇ ತಾವಾಗಿ ಏಳುವ ತಂತ್ರಾಂಶಗಳನ್ನು ‘ಆಟೋರನ್ಸ್’ ಪಟ್ಟಿಮಾಡುತ್ತದೆ. ಈ ಕ್ಷಣದಲ್ಲಿ ಏನೇನು ನಡೆಯುತ್ತಿದೆ, ಯಾವುದನ್ನು ಯಾವುದು ಹುಟ್ಟಿಸಿತು ಎಂಬುದನ್ನು ‘ಪ್ರೋಸೆಸ್ ಎಕ್ಸ್‌ಪ್ಲೋರರ್’ ವಂಶವೃಕ್ಷದಂತೆ ತೋರಿಸುತ್ತದೆ.

2005ರಲ್ಲಿ ರಸಿನೊವಿಚ್, ಮರೆಯಲ್ಲಿರುವ ಕಡತಗಳನ್ನು ಹುಡುಕುವ ತಮ್ಮ ಹೊಸ ಸಲಕರಣೆಯನ್ನು ಪರೀಕ್ಷಿಸುತ್ತಿದ್ದಾಗ ಅವರ ಸ್ವಂತ ಗಣಕದಲ್ಲಿಯೇ ಏನೋ ಅಡಗಿರುವುದು ಕಂಡುಬಂದಿತು. ಬೆನ್ನಟ್ಟಿ ನೋಡಿದಾಗ, ಸೋನಿ ಬಿಎಂಜಿ ಸಂಸ್ಥೆಯ ಸಂಗೀತದ ಸಿ.ಡಿ.ಯೊಂದು ನಕಲನ್ನು ತಡೆಯುವ ಉದ್ದೇಶದಿಂದ ತನ್ನನ್ನು ಮರೆಮಾಡಿಕೊಳ್ಳುವ ತಂತ್ರಾಂಶವನ್ನು ಯಂತ್ರದೊಳಗೆ ಸೇರಿಸಿತ್ತೆಂದು ತಿಳಿಯಿತು. ಅದನ್ನು ಕಿತ್ತುಹಾಕಿದಾಗ ಗಣಕಕ್ಕೆ ತನ್ನ ಸಿ.ಡಿ. ಡ್ರೈವೇ ಕಾಣದಾಯಿತು! ವಿಂಡೋಸಿನ ಒಳಗನ್ನು ಬಲ್ಲ ಅವರು ಅದನ್ನು ಸರಿಪಡಿಸಿಕೊಂಡರು. ಸಾಮಾನ್ಯನಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ಅಕ್ಟೋಬರ್ 31ರಂದು ಅವರು ಈ ಸಂಗತಿಯನ್ನು ಬಹಿರಂಗಪಡಿಸಿದರು. ಮುಂದಿನ ತಿಂಗಳಲ್ಲಿಯೇ ಸಂಸ್ಥೆಯು ಆ ಸಿ.ಡಿ.ಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಹಣಕೊಟ್ಟು ತಂದ ಹಾಡಿನ ತಟ್ಟೆಯೂ ಯಂತ್ರವನ್ನು ಕೆಡಿಸಬಹುದೆಂಬುದು ಅಲ್ಲಿಯವರೆಗೆ ಎಷ್ಟು ದುರಸ್ತಿಗಾರರಿಗೆ ಹೊಳೆದಿದ್ದೀತು?

ಇಷ್ಟೆಲ್ಲ ಸಲಕರಣೆಗಳಿದ್ದರೂ ಮನುಷ್ಯನ ಕೈ ಬೇಡವಾಗಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಕಡತವೊಂದರಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಭಾರತದಲ್ಲಿ ಆಗ ಬೆಳಗಿನ ಹೊತ್ತು. ಬೆಂಗಳೂರೂ ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲು ಬೆಳೆಯಿತು. ತಪ್ಪಾದ ಕಡತವನ್ನು ಸಂಸ್ಥೆಯು ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡಿತಾದರೂ, ಆಗಲೇ ಬಿದ್ದಿದ್ದ ಯಂತ್ರಗಳಲ್ಲಿ ಅನೇಕವು ದೂರದ ಆಜ್ಞೆಯನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ದುರಸ್ತಿಗಾರರು ಅಂತಹ ಒಂದೊಂದು ಯಂತ್ರದ ಮುಂದೆಯೂ ನಿಂತು, ಅದನ್ನು ‘ಸೇಫ್ ಮೋಡ್’ ಎಂಬ ಮಿತಸ್ಥಿತಿಯಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಬೀಗವಿದ್ದಲ್ಲಿ 48 ಅಂಕಿಗಳನ್ನೂ ಕೈಯಿಂದಲೇ ಒತ್ತಬೇಕಾಗಿತ್ತು.

ಯಂತ್ರದ ಒಳಗನ್ನು ತೋರಿಸುವ ಈ ಸಲಕರಣೆಗಳು ಮಾಲೀಕನ ಒಳಮನೆಯನ್ನೂ ತೆರೆದಿಡುತ್ತವೆ. ಪತ್ರಗಳು, ಬ್ಯಾಂಕಿನ ಲೆಕ್ಕ, ಮನೆಯವರ ಚಿತ್ರಗಳು ಎಲ್ಲವೂ ಅಪರಿಚಿತನ ಮೇಜಿನ ಮೇಲೆ ಬಿಚ್ಚಿಕೊಂಡಿರುತ್ತವೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯನ್ನು ನಡೆಸಿ 2022ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಧ್ವನಿ ಹೊರಡದಂತೆ ಬೇಕೆಂದೇ ಸಣ್ಣ ಬದಲಾವಣೆ ಮಾಡಿದ ಲ್ಯಾಪ್‌ಟಾಪ್‌ಗಳನ್ನು ಅವರು ದುರಸ್ತಿಯ ಅಂಗಡಿಗಳಿಗೆ ಕೊಟ್ಟು, ಒಳಗೆ ಏನು ನಡೆಯುತ್ತದೆಂಬುದು ಗುಟ್ಟಾಗಿ ದಾಖಲಾಗುವಂತೆ ಮಾಡಿದ್ದರು. ಆರು ಕಡೆ ದುರಸ್ತಿಗಾರರು ಕೆಲಸಕ್ಕೆ ಸಂಬಂಧವೇ ಇಲ್ಲದ ಖಾಸಗಿ ಕಡತಗಳನ್ನು ತೆರೆದು ನೋಡಿದ್ದರು. ಇಬ್ಬರು ಅವುಗಳ ಪ್ರತಿಯನ್ನೂ ತೆಗೆದುಕೊಂಡಿದ್ದರು. ಬ್ಯಾಟರಿಯನ್ನಷ್ಟೇ ಬದಲಿಸಬೇಕೆಂದು ಕೇಳಿದಾಗಲೂ ಬಹುತೇಕ ಅಂಗಡಿಗಳು ಗುಪ್ತಪದವನ್ನು ಕೇಳಿದ್ದವು.

ಗುಪ್ತಪದವು ನಿಜವಾಗಿಯೂ ಬೇಕಾಗುವ ದುರಸ್ತಿಗಳು ಉಂಟು. ವಿಂಡೋಸಿನ ಒಳಗೆ ಹೊಕ್ಕು ಮಾಡಬೇಕಾದ ಕೆಲಸಗಳಿಗೆ ಅದಿಲ್ಲದೆ ನಡೆಯದು. ಅಂತಹ ಸಂದರ್ಭದಲ್ಲಿ ಮಾಲೀಕನು ಎದುರಿಗೆ ಕುಳಿತು ತಾನೇ ಅದನ್ನು ಒತ್ತಬಹುದು, ಅಥವಾ ಯಂತ್ರವನ್ನು ಕೊಡುವ ಮುನ್ನ ತಾತ್ಕಾಲಿಕವಾಗಿ ಬೇರೊಂದು ಗುಪ್ತಪದವನ್ನು ಇಡಬಹುದು. ಬ್ಯಾಟರಿಯನ್ನು ಬದಲಿಸಲು, ಫ್ಯಾನಿನ ಧೂಳನ್ನು ತೆಗೆಯಲು, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ ಸ್ಮೃತಿಕೋಶವನ್ನು ರಾತ್ರಿಯಿಡೀ ಪರೀಕ್ಷಿಸಲು, ಡಿಸ್ಕಿನ ಆರೋಗ್ಯಪತ್ರವನ್ನು ಓದಲು ಮಾಲೀಕನ ವಿಂಡೋಸ್ ಗುಪ್ತಪದದ ಅಗತ್ಯವಿಲ್ಲ.